ಬಾಗಿಲಿಗೆ ಬಿದ್ದ ತೊಗಲಿನ ಮೇಕೆ

ಅಕ್-ಬೆಲ್, ನರಿನ್ ಪ್ರಾಂತ್ಯ
ಮಾರ್ಚ್ ೨೪

ಪ್ರೀತಿಯ ಮಗಳೇ, ನನ್ನ ಜಿಬೆಕ್,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಚಳಿಗಾಲವಿಡೀ ಬಿಷ್ಕೆಕ್‌ನ ಕಲ್ಲಿದ್ದಲ ಹೊಗೆ ಕುಡಿದಿದ್ದೀಯ, ಇನ್ನಾದರೂ ಕುರಿಬಾಲದ ಕೊಬ್ಬು ಕರಗಿಸಿ ಬಿಸಿ ಹಾಲಿಗೆ ಹಾಕಿಕೊಂಡು ಕುಡಿ. ಮೂಗು ಮುಚ್ಚಿಕೊಂಡು ಕುಡಿದರೂ ಗುಣ ಒಂದೇ. ಎಲ್ದಿಯಾರ್ ಹೇಗಿದ್ದಾನೆ? ಮದುವೆಗೆ ಮುಂಚೆಯೇ ಹುಡುಗ ಸೊರಗಿದರೆ ಅವನ ತಾಯಿ ನಮ್ಮನ್ನೇ ಅನ್ನುತ್ತಾರೆ, ಅವನಿಗೂ ಒಂದು ಲೋಟ ಕುಡಿಸು. ನಾವು ಇಲ್ಲಿ ಚೆನ್ನಾಗಿದ್ದೇವೆ. ನನ್ನ ಮಂಡಿ ಮಾತ್ರ ಹಿಮ ಬೀಳುವುದನ್ನು ರೇಡಿಯೋಗಿಂತ ಮೊದಲೇ ಹೇಳುತ್ತದೆ. ಕೆಂಪು ಹಸು ಹೆಣ್ಣು ಕರು ಹಾಕಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ಹೆಸರಿನ ಕರೆ ಬಂದ ಕೂಡಲೇ ನಿನ್ನಪ್ಪ ಕೊಟ್ಟಿಗೆಗೆ ಹೋಗುವವರ ಹಾಗೆ ಎದ್ದು ಹೋಗಿ ಕಿಟಕಿಯ ಹೊರಗೆ ನಿಂತುಬಿಡುತ್ತಾರೆ. ಮಾತಾಡುವುದಿಲ್ಲ ಎಂದು ಶಪಥ ಮಾಡಿದ್ದಾರೆ, ಕೇಳುವುದಿಲ್ಲ ಎಂದು ಮಾಡಿಲ್ಲವಲ್ಲ. ಅದಕ್ಕೇ ಕಾಗದ. ಟ್ಯಾಕ್ಸಿಯ ಸುಯುನ್ ಇವತ್ತು ನಿಮ್ಮೂರಿಗೆ ಹೊರಟಿದ್ದಾನೆ, ಬೆಣ್ಣೆ ಮತ್ತು ಒಣಮೊಸರಿನ ಉಂಡೆಗಳ ಜೊತೆಗೆ ಇದನ್ನೂ ಕಳಿಸುತ್ತೇನೆ.

ನಿನ್ನ ಇಲಾಖೆಯ ಆದೇಶ ಬಂದ ದಿನದಿಂದ ಈ ಮನೆಯಲ್ಲಿ ಆದದ್ದನ್ನು ನಾನು ನಿನಗೆ ಪೂರ್ತಿ ಹೇಳಿರಲಿಲ್ಲ. ಡಿಸೆಂಬರಿನಲ್ಲಿ ಊರಿನ ಮುಖ್ಯಸ್ಥ ಎಲ್ಲರನ್ನೂ ಶಾಲೆಯಲ್ಲಿ ಕೂರಿಸಿ ಅದನ್ನು ಓದಿದ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಆ ಆದೇಶ ಮುಟ್ಟದ ವಿಷಯವೂ ಇರಲಿಲ್ಲ. ಉಲಾಕ್ ಆಟಕ್ಕೆ ಇನ್ನು ಮೇಕೆ ಕೊಯ್ಯುವಂತಿಲ್ಲ, ಸವಾರರು ಕುದುರೆಯ ಮೇಲಿಂದ ಎಳೆದಾಡುವುದಕ್ಕೆ ಸತ್ತ ಮೇಕೆಯ ಬದಲು ತೊಗಲಿನ ಮೇಕೆ ಮಾಡಿಸಿ ಕೊಡುತ್ತೇವೆ. ಆಟಕ್ಕೆ ಮೊದಲು ಪಶುವೈದ್ಯರು ಕುದುರೆಗಳನ್ನು ನೋಡಬೇಕು. ಕುದುರೆಯ ಮುಖಕ್ಕೆ ಚಾಟಿ ಬೀಸುವಂತಿಲ್ಲ. ಹಕ್ಕಿ ಗೂಡು ಕಟ್ಟುವ ಹೊಳೆದಂಡೆಯಲ್ಲಿ ಆಟ ಕೂಡದು. ಕೊನೆಗೆ, ಆದೇಶ ಬರೆದವರು ಇವರು, ಹೆಚ್ಚಿನ ವಿವರ ಬೇಕಾದರೆ ಇವರನ್ನು ಕೇಳಿ ಎಂದು ನಿನ್ನ ಹೆಸರು. ಶಾಲೆಯ ಬೆಂಚುಗಳೆಲ್ಲ ಒಂದೇ ಸಲ ನಮ್ಮ ಕಡೆ ತಿರುಗಿದವು. ಪಕ್ಕದ ಮನೆಯ ಕಾಲ್‌ಬುಬು ನಗುತ್ತಾ, "ಅಲ್ಲ ಉಲ್ಕಾನ್ ಅಕ್ಕಾ, ನಿಮ್ಮ ಮಗಳು ಇವತ್ತು ಮೇಕೆಗೆ ರಜಾ ಕೊಟ್ಳು. ನಾಳೆ ಕುರಿಗೂ ಕೊಟ್ರೆ ಮದ್ವೆ ಊಟಕ್ಕೆ ನಮ್ಗೇನು ಹುಲ್ಲು ಬಡಿಸ್ತೀರಾ?" ಅಂದಳು. ನಿನ್ನಪ್ಪ ಎದ್ದು ನಿಂತು, "ಮರಳು ಚೀಲ ಎಳೆದಾಡೋಕೆ ನಾವೇನು ಸಿಮೆಂಟ್ ಅಂಗಡಿ ಕೂಲಿಗಳಾ?" ಎಂದು ಕೇಳಿ ಟೋಪಿ ಹಾಕಿಕೊಂಡು ಹೊರಟುಬಂದರು. ಮನೆಗೆ ಬಂದು ಅಂದದ್ದು ಒಂದೇ ಮಾತು: "ಮೇ ತಿಂಗಳ ಮದ್ವೆಗೆ ನಾನು ಬರಲ್ಲ. ಅವಳ ಇಲಾಖೆಯವರೇ ಕೈಯೆತ್ತಿ ಹರಸ್ಲಿ."

ನೀನು ಅಂದುಕೊಂಡಿರಬಹುದು, ಅಪ್ಪನಿಗೆ ಆಟ ದೊಡ್ಡದಾಯಿತು, ಮಗಳು ಸಣ್ಣವಳಾದಳು ಅಂತ. ಹಾಗಲ್ಲ ಜಿಬೆಕ್. ನಿನಗೆ ಗೊತ್ತಿರುವ ಕಥೆಯನ್ನೇ ಮತ್ತೆ ಹೇಳುತ್ತೇನೆ, ಮುದುಕಿಯರ ಚಾಳಿ. ನಮಗೆ ಬಹಳ ವರ್ಷ ಮಕ್ಕಳಿರಲಿಲ್ಲ. ಗೆದ್ದ ಮೇಕೆ ಯಾರ ಹೊಸ್ತಿಲಿಗೆ ಬೀಳುತ್ತದೋ ಆ ಮನೆಗೆ ಒಳ್ಳೆಯದು, ಅದರ ಮಾಂಸ ತಿಂದ ಹೆಂಗಸಿನ ಮಡಿಲು ತುಂಬುತ್ತದೆ ಎಂಬ ನಂಬಿಕೆ ನಮ್ಮವರದು. ಆ ವರ್ಷ ನಿನ್ನಪ್ಪ ಮೂರು ಊರಿನ ಸವಾರರ ನಡುವಿನಿಂದ ಮೇಕೆ ಕಿತ್ತುಕೊಂಡು ಬಂದು, ಮುರಿದ ಪಕ್ಕೆಲುಬು ಹಿಡಿದುಕೊಂಡೇ ಅದನ್ನು ನನ್ನ ಕಾಲ ಬಳಿ ಎಸೆದರು. ನಾನು ತಿಂದೆ. ನೀನು ಹುಟ್ಟಿದೆ. ನನ್ನನ್ನು ಕೇಳಿದರೆ, ಮೇಕೆ ಬೀಳುವ ಹೊತ್ತಿಗೆ ನನಗಾಗಲೇ ಎರಡು ತಿಂಗಳಾಗಿತ್ತು. ಹೆತ್ತ ಹೆಂಗಸರಿಗೆಲ್ಲ ಅದು ಗೊತ್ತಿತ್ತು. ಆದರೆ ಪಕ್ಕೆಲುಬು ಮುರಿದುಕೊಂಡ ಗಂಡಸಿಗೆ ಅಷ್ಟು ಹೆಮ್ಮೆಯಾದರೂ ಇರಲಿ ಎಂದು ನಾವ್ಯಾರೂ ಬಾಯಿ ಬಿಡಲಿಲ್ಲ. ಅವರ ಪಾಲಿಗೆ ನೀನು ಆ ಮೇಕೆ ತಂದ ಮಗು. ನೀನು ಕಾನೂನು ಮಾಡಿದ್ದು ಆಟದ ಮೇಲೆ. ಅವರಿಗೆ ಕೇಳಿಸಿದ್ದು, ತಾನು ಹುಟ್ಟಿದ ಬಗೆಗೇ ಮಗಳು ನಾಚುತ್ತಾಳೆ ಎಂದು. ಇದನ್ನು ಅವರು ಬಾಯಿಬಿಟ್ಟು ಹೇಳಿಲ್ಲ. ಇಷ್ಟು ವರ್ಷ ಒಂದೇ ಹೊದಿಕೆಯ ಕೆಳಗೆ ಮಲಗಿದ ಮೇಲೆ ಹೇಳಿಸಿಕೊಳ್ಳಬೇಕಾಗಿಯೂ ಇಲ್ಲ. ಚಳಿಗಾಲವಿಡೀ ನನಗೆ ನಿನ್ನ ಮೇಲೂ ಸಿಟ್ಟು, ಅವರ ಮೇಲೂ ಸಿಟ್ಟು, ಇಬ್ಬರನ್ನೂ ಬಿಟ್ಟಿರಲಾಗದ ನನ್ನ ಮೇಲಂತೂ ಇನ್ನೂ ಸಿಟ್ಟು.

ಈಗ ಹೊಸ ವರ್ಷದ ನೌರೂಜ್ ಹಬ್ಬದ ಸುದ್ದಿ ಕೇಳು. ತೊಗಲಿನ ಮೇಕೆ ಜಿಲ್ಲೆಯಿಂದ ಜೀಪಿನಲ್ಲಿ ಬಂತು. ಕಂದು ಬಣ್ಣ, ಒಳಗೆ ಮರಳು ಮತ್ತು ರಬ್ಬರು, ತಲೆಯಿಲ್ಲ, ನಾಲ್ಕು ಮೋಟು ಕಾಲು. ಊರಿನ ಮುದುಕರು ಸುತ್ತ ನಿಂತು ಹೆಣ ನೋಡಿದ ಹಾಗೆ ನೋಡಿದರು. ಒಬ್ಬರು ಬಗ್ಗಿ ಮೂಸಿ, "ಟ್ರ್ಯಾಕ್ಟರ್ ಟೈರ್ ಥರಾ ವಾಸ್ನೆ ಹೊಡೀತದಪ್ಪ" ಅಂದರು. ಆಟ ಈ ಸಲ ಹೊಳೆದಂಡೆಯಲ್ಲಿ ಅಲ್ಲ, ಗುಡ್ಡದ ಕೆಳಗಿನ ಕಲ್ಲುನೆಲದಲ್ಲಿ. ಹೆಂಗಸರೆಲ್ಲ ಲಾರಿಯ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದೆವು. ಹೊಳೆಯ ಹುಲ್ಲಿನಲ್ಲಿ ಒಂದು ಜೊತೆ ಕೆಂಬಣ್ಣದ ಬಾತುಗಳು ಓಡಾಡುತ್ತಿದ್ದವು. ಪ್ರತಿ ವರ್ಷ ನಮ್ಮ ಕುದುರೆಗಳ ಗದ್ದಲಕ್ಕೆ ಹಾರಿಹೋಗುತ್ತಿದ್ದವು, ಈ ವರ್ಷ ತಲೆಯನ್ನೂ ಎತ್ತಲಿಲ್ಲ. ಇದೊಂದು ನಿನ್ನ ಆದೇಶದಿಂದ ಆದ ಒಳ್ಳೆಯದು ಎಂದು ನಾನೇ ಕಾಲ್‌ಬುಬುವಿಗೆ ಕೇಳಿಸುವಂತೆ ಹೇಳಿದೆ. ನಿನ್ನಪ್ಪ ಆ ಕಡೆ ತಲೆಯೂ ಹಾಕುವುದಿಲ್ಲ ಎಂದಿದ್ದವರು, ಕುದುರೆ ಏರಿ ಬಂದು ಒಂದು ಪಕ್ಕಕ್ಕೆ ನಿಂತಿದ್ದರು. ಯಾರೋ ಕೇಳಿದ್ದಕ್ಕೆ, "ನೋಡೋಕಲ್ಲ, ಕುದುರೆಗೆ ಕಾಲಾಡ್ಸೋಕೆ ಬಂದೆ" ಅಂದರು.

ಜಿಲ್ಲೆಯಿಂದ ಬಂದಿದ್ದ ಪಶುವೈದ್ಯೆ ನಿನ್ನದೇ ವಯಸ್ಸಿನ ಹುಡುಗಿ. ಒಂದೊಂದೇ ಕುದುರೆಯ ಕಾಲು ಎತ್ತಿಸಿ ನೋಡುತ್ತಾ ಬಂದಳು. ನಿನ್ನ ಚಿಕ್ಕಪ್ಪನ ಮಗ ಎರ್ಮೆಕ್‌ನ ಕುದುರೆಯ ಹತ್ತಿರ ನಿಂತು, ಮುಂಗಾಲಿಗೆ ಪೆಟ್ಟಾಗಿದೆ, ಇದು ಇವತ್ತು ಆಡಬಾರದು ಅಂದಳು. ಹುಡುಗರೆಲ್ಲ ಗಲಾಟೆ ಎಬ್ಬಿಸಿದರು. "ಏನಮ್ಮಾ, ಕುದುರೆ ನಿನ್ನ ಕಿವೀಲಿ ಬಂದು ಹೇಳ್ತಾ?" ಎಂದು ಒಬ್ಬ ಅಂದ. ಹುಡುಗಿಯ ಮುಖ ಕೆಂಪಾಯಿತು, ಆದರೆ ಹಿಡಿದಿದ್ದ ಕುದುರೆಯ ಹಗ್ಗ ಬಿಡಲಿಲ್ಲ. ನಿನ್ನನ್ನು ಅಲ್ಲಿ ನಿಲ್ಲಿಸಿ ಬೈದ ಹಾಗಾಯಿತು ನನಗೆ. ಲಾರಿಯಿಂದ ಇಳಿಯೋಣವೆಂದರೆ ಮಂಡಿ ಏಳಲಿಲ್ಲ. ಅಷ್ಟರಲ್ಲಿ ನಿನ್ನಪ್ಪ ಕುದುರೆಯಿಂದ ಇಳಿದು ಬಂದರು. ಎರ್ಮೆಕ್‌ನ ಕುದುರೆಯ ಮುಂದೆ ಕೂತು ಅದರ ಕಾಲಿನ ಮೇಲೆ ಅಂಗೈ ಇಟ್ಟು ನೋಡಿದರು. ಎದ್ದು, "ಈ ಹುಡುಗಿ ಹೇಳಿದ್ದು ಸರಿ. ಕಾಲು ಸುಡ್ತಾ ಇದೆ. ನಾಳೆ ಇದು ಕುಂಟೋದು ನೋಡಿ ನೀನೇ ಅಳ್ತೀಯ ಎರ್ಮೆಕ್" ಅಂದರು. ಅವನು, "ಹಂಗಾದ್ರೆ ನಾನು ಯಾವುದ್ರ ಮೇಲೆ ಆಡ್ಲಿ ದೊಡ್ಡಪ್ಪಾ?" ಎಂದು ಅಳುಮೋರೆ ಮಾಡಿದ. ನಿನ್ನಪ್ಪ ತಮ್ಮ ಕುದುರೆಯ ಲಗಾಮು ಅವನ ಕೈಗೆ ಕೊಟ್ಟರು. ಪಶುವೈದ್ಯೆ ಅದರ ಕಾಲನ್ನೂ ನೋಡಬೇಕು ಅಂದಳು. ನಾನು ಕಣ್ಣು ಮುಚ್ಚಿಕೊಂಡೆ. ಅವರು, "ನೋಡಮ್ಮ, ನೋಡು" ಅಂದರು. ಆಗ ನನಗೆ ಅಳು ಬಂತು, ಗಾಳಿಗೆ ಕಣ್ಣಲ್ಲಿ ನೀರು ಎಂದು ಕಾಲ್‌ಬುಬುವಿಗೆ ಸುಳ್ಳು ಹೇಳಿದೆ.

ಆಟದ ಬಗ್ಗೆ ನಾನೇನು ಹೇಳಲಿ. ಮೊದಲು ಕುದುರೆಗಳು ಆ ರಬ್ಬರಿನ ವಾಸನೆಗೆ ಬೆದರಿ ಹಿಂದೆ ಸರಿದವು, ಹುಡುಗರಿಗೆ ಮೋಟು ಕಾಲು ಹಿಡಿತಕ್ಕೆ ಸಿಗಲಿಲ್ಲ. ಎಲ್ಲರೂ ನಗುತ್ತಿದ್ದರು. ಆಮೇಲೆ ಧೂಳೆದ್ದಿತು, ನಗು ನಿಂತಿತು, ಗಂಡಸರೆಲ್ಲ ಗಂಟಲು ಹರಿಯುವ ಹಾಗೆ ಕೂಗತೊಡಗಿದರು. ಎಳೆಯುತ್ತಿರುವುದು ಮೇಕೆಯೋ ಚೀಲವೋ ಎಂಬುದು ಯಾರಿಗೂ ನೆನಪಿದ್ದಂತೆ ಕಾಣಲಿಲ್ಲ. ಗೆದ್ದದ್ದು ಎರ್ಮೆಕ್, ನಿನ್ನಪ್ಪನ ಕುದುರೆಯ ಮೇಲೆ. ಬೇರೆಯವರ ಕುದುರೆಯ ಮೇಲೆ ಗೆದ್ದವನು ಮೇಕೆಯನ್ನು ಕುದುರೆಯ ಒಡೆಯನ ಬಾಗಿಲಿಗೇ ತರಬೇಕು. ಲಾರಿಯವನನ್ನು ಗೋಗರೆದು ಬೇಗ ಮನೆಗೆ ಬಂದೆ. ಚಹಾ ಕಾಯಿಸುವ ಸಮೋವರ್‌ಗೆ ಬೆಂಕಿ ಹಾಕುವುದರೊಳಗೆ ಸವಾರರು ಅಂಗಳಕ್ಕೆ ಬಂದರು, ಎರ್ಮೆಕ್ ಮಂಡಿಯ ಕೆಳಗೆ ಅದುಮಿ ಹಿಡಿದಿದ್ದ ಮೇಕೆಯನ್ನು ಎಳೆದು ಧೊಪ್ಪೆಂದು ಹೊಸ್ತಿಲಿಗೆ ಎಸೆದ.

ನಿನ್ನಪ್ಪ ಪೆಟ್ಟಾದ ಕುದುರೆಯನ್ನು ನಡೆಸಿಕೊಂಡು ಹಿಂದಿನಿಂದ ಬಂದರು. ಊರೆಲ್ಲ ಅಂಗಳದಲ್ಲಿ ನಿಂತಿತ್ತು. ಕಾಲ್‌ಬುಬು ಗೋಡೆಯ ಮೇಲೆ ಗಲ್ಲ ಊರಿ ಕಾಯುತ್ತಿದ್ದಳು. ನಮ್ಮಲ್ಲಿ ಬಾಗಿಲಿಗೆ ಬಿದ್ದ ಮೇಕೆಯನ್ನು ಕೈಯಾರೆ ಎತ್ತಿಕೊಂಡರೆ ಸ್ವೀಕರಿಸಿದ ಹಾಗೆ. ದಾಟಿಕೊಂಡು ಒಳಗೆ ಹೋದರೆ, ಆ ಮನೆಯ ಕಡೆ ಮತ್ತೆ ಯಾರೂ ಕುದುರೆ ತಿರುಗಿಸುವುದಿಲ್ಲ. ಎತ್ತಿಕೊಂಡರೆ ನಿನ್ನ ಆದೇಶವನ್ನೇ ಎತ್ತಿಕೊಂಡ ಹಾಗೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನಿನ್ನಪ್ಪನಿಗೂ ಗೊತ್ತಿತ್ತು. ನಿಧಾನವಾಗಿ ಕುದುರೆ ಕಟ್ಟಿದರು. ಅದರ ಬೆನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ ಬಂದು, ಎರಡೂ ಕೈ ಹಾಕಿ ಅದನ್ನು ಎತ್ತಿ ಎದೆಗೆ ಒತ್ತಿಕೊಂಡು, "ಏ ಮುದುಕಿ, ದೊಡ್ಡ ಕಡಾಯಿ ಇಡು" ಅಂದರು. ನಾನು ಪೆದ್ದಿಯ ಹಾಗೆ, "ಇದನ್ನಾ?" ಅಂದೆ. "ಇದನ್ನ ಬೇಯ್ಸೋಕೆ ಕೂತ್ರೆ ಮೊಮ್ಮಕ್ಕಳ ಕಾಲಕ್ಕೆ ಬೇಯ್ತದೆ. ಕುರಿ ಹಿಡ್ಕೊಂಡು ಬನ್ರೋ" ಅಂದರು. ಜನ ನಕ್ಕ ನಗುವಿಗೆ ಕೆಂಪು ಹಸು ಕೊಟ್ಟಿಗೆಯಲ್ಲಿ ಎದ್ದು ನಿಂತಿತು.

ಹೀಗೆ ನಿನ್ನ ದಯೆಯಿಂದ ಒಂದು ಮೇಕೆ ಉಳಿಯಿತು, ನಮ್ಮ ಕೊಬ್ಬಿದ ಕುರಿ ಹೋಯಿತು. ಇದಕ್ಕೆ ನಿನ್ನ ಇಲಾಖೆ ಏನನ್ನುತ್ತದೋ ಕೇಳಿ ಹೇಳು. ಕುರಿಯ ಮೇಲೂ ಆದೇಶ ಬರೆದರೆ ಮಾತ್ರ ಮೊದಲು ಬಂದು ಜಗಳವಾಡುವವಳು ನಾನೇ. ಊಟದ ಕೊನೆಯಲ್ಲಿ ನಿನ್ನಪ್ಪ ಕೈಯೆತ್ತಿ ಎಲ್ಲರನ್ನೂ ಹರಸಿದರು, ಎರ್ಮೆಕ್‌ಗೆ ತಮ್ಮ ಹೊಸ ನಿಲುವಂಗಿ ಹೊದಿಸಿದರು, ಆ ಪಶುವೈದ್ಯೆಗೂ ಒಂದು ಒಳ್ಳೆಯ ತುಂಡು ತೆಗೆದು ಕೊಟ್ಟರು. ನಿನ್ನ ಹೆಸರು ಮಾತ್ರ ಎತ್ತಲಿಲ್ಲ. ಮಾರನೆಯ ಬೆಳಿಗ್ಗೆ ಹಾಲು ಕರೆಯುವಾಗ ನಾನೇ ಕೇಳಿದೆ, "ಮೇ ತಿಂಗಳು ಹತ್ತಿರ ಬಂತು, ಏನು ಮಾಡೋದು?" ಅವರು, "ಹಾಲು ಚೆಲ್ಲುತ್ತೆ, ನೋಡ್ಕೊಂಡು ಕರಿ" ಅಂದರು. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ ಎಂದು ಹಿರಿಯರು ಹೇಳುವುದು ಇಂಥವರನ್ನು ನೋಡಿಯೇ ಇರಬೇಕು.

ಆದ್ದರಿಂದ ಮಗಳೇ, ಹೆಚ್ಚು ಆಸೆ ಇಟ್ಟುಕೊಳ್ಳಬೇಡ. ನಾನಂತೂ ಬರುತ್ತೇನೆ. ಹರಸುವುದಕ್ಕೆ ನಿನ್ನ ಚಿಕ್ಕಪ್ಪನನ್ನು ಕರೆತರುತ್ತೇನೆ, ಅವನ ಹಾರೈಕೆ ಉದ್ದ, ಊಟ ಆರಿಹೋಗುತ್ತದೆ, ಆದರೂ ರಕ್ತಸಂಬಂಧ. ಎಲ್ದಿಯಾರ್‌ನ ತಾಯಿ ಕೇಳಿದರೆ ಅಪ್ಪನಿಗೆ ರಕ್ತದೊತ್ತಡ ಎಂದು ಹೇಳು, ಅದು ನಿಜವೂ ಹೌದು. ನೀನು ಬರೆದದ್ದನ್ನು ಹಿಂದಕ್ಕೆ ತೆಗೆದುಕೋ ಎಂದು ನಾನು ಹೇಳುವುದಿಲ್ಲ. ಆ ಹುಡುಗಿ ಹಗ್ಗ ಬಿಡದೆ ನಿಂತದ್ದನ್ನು ನೋಡಿದ ಮೇಲೆ ಹೇಳಲಾರೆ. ಆದರೆ ಅಪ್ಪನ ಮೇಲೆ ಮುನಿಸು ಇಟ್ಟುಕೊಂಡು ಮದುವೆಯ ಬಟ್ಟೆ ಉಡಬೇಡ. ಅವರು ಬಾರದಿದ್ದರೂ ನೀನೇ ಮನಸ್ಸಿನಲ್ಲಿ ಅವರ ಕೈ ನಿನ್ನ ತಲೆಯ ಮೇಲಿದೆ ಎಂದುಕೋ.

ಬಾಳು ಹಸನಾಗಲಿ, ಮನೆಯ ಒಲೆ ಆರದಿರಲಿ, ನಿನ್ನ ಮಕ್ಕಳು ನಿನ್ನಷ್ಟೇ ಹಟಮಾರಿಗಳಾಗಿ ನನ್ನ ಸೇಡು ತೀರಿಸಲಿ. ಎಲ್ದಿಯಾರ್‌ಗೂ ಅವನ ಮನೆಯವರಿಗೂ ನನ್ನ ನಮಸ್ಕಾರ.

ನಿನ್ನ ಅಮ್ಮ,
ಉಲ್ಕಾನ್

ತಾ.ಕ.: ಸುಯುನ್ ಹಾರನ್ ಹೊಡೆಯುತ್ತಲೇ ಇದ್ದಾನೆ, ಅಕ್ಷರ ಸೊಟ್ಟಗಾದರೆ ಕ್ಷಮಿಸು. ಗಂಟು ಕೊಡಲು ಹೊರಗೆ ಹೋದರೆ ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ನಿನ್ನಪ್ಪ ಕೂತಿದ್ದಾರೆ. ಗಡ್ಡ ಕತ್ತರಿಸಿಕೊಂಡಿದ್ದಾರೆ, ಹಬ್ಬದ ಬಿಳಿ ಟೋಪಿ ಹಾಕಿದ್ದಾರೆ. ಎಲ್ಲಿಗೆ ಅಂದೆ. "ಪಟ್ಟಣದಲ್ಲಿ ಕೆಲ್ಸ ಇದೆ" ಅಂದರು. ಏನು ಕೆಲಸ ಅಂದೆ. "ಅವಳ ಮನೆ ಎಷ್ಟನೇ ಮಹಡಿ?" ಅಂದರು. ಹಾಗಾಗಿ ಈ ಕಾಗದ ಸುಯುನ್ ಕೈಯಲ್ಲಿ ಬರುತ್ತಿಲ್ಲ, ಅವರ ಕೈಯಲ್ಲೇ ಬರುತ್ತಿದೆ. ಇಷ್ಟನ್ನೂ ಓದಿ ಮುಗಿಸುವವರೆಗೆ ಅವರನ್ನು ಬಾಗಿಲಲ್ಲೇ ನಿಲ್ಲಿಸಿಲ್ಲ ತಾನೇ?