ಅಜ್ಜಿ ವಾಪಸು ಕೇಳಿದ ಮಾತು

ಮೇಷ್ಟ್ರೇ,

...ಓದಿ ಹೇಳದೆ ಅಚ್ಚಿಗೆ ಕೊಡಬಾರದು ಅಂದಿರೋ, ಕೊಡೋದಕ್ಕೆ ಮನಸ್ಸು ಬರಲ್ಲ ಅಂದಿರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಅರಸೀಕೆರೆಯ ನಿಮ್ಮ ಮನೆಯಲ್ಲಿ, ನಾವಿಬ್ಬರೂ ಬರೆಯುತ್ತಿದ್ದ ಪುಸ್ತಕದ ಕರಡನ್ನು ತೊಡೆಯ ಮೇಲಿಟ್ಟುಕೊಂಡು ಅಂದ ಮಾತು. ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರ ಪುಸ್ತಕ. ಯಾರು ತಮ್ಮ ಕಥೆ ಹೇಳಿದರೋ ಅವರಿಗೇ ಮೊದಲು ಓದಿ ಹೇಳಬೇಕು, ಬೇಡವೆಂದರೆ ತೆಗೆಯಬೇಕು, ಅಷ್ಟು ಖಚಿತವಾಗಿತ್ತು. ಓದುವ ಕಾಲ ಬಂದಾಗ ನೀವಿರಲಿಲ್ಲ. ಹೋದ ವಾರ ನಾನೊಬ್ಬನೇ ಹೋಗಿಬಂದೆ.

ಮೊದಲ ಸಲ ಇಬ್ಬರೂ ಹೋಗಿದ್ದು ನೆನಪಿದೆಯೇ? ಹಳೇಬೀಡಿನಲ್ಲಿ ಬಸ್ಸು ಬದಲಿಸಿ, ಬೇಲೂರಿನಲ್ಲಿ ಆಟೋ ಹಿಡಿದಾಗ, "ಮುಳುಗಡೆಯೋರ ಕಾಲೋನಿಗಾ ಸಾರ್?" ಎಂದಿದ್ದ ಆಟೋದವನು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೂ ಸುತ್ತಲಿನವರು ಇಟ್ಟ ಹೆಸರು ಅದೇ. ನಾವು ಅಜ್ಜಿ ಎಂದು ಕರೆಯುತ್ತಿದ್ದ ಆಕೆಯ ಮನೆಯಲ್ಲಿ ನೀವು ಏನನ್ನೂ ಕೇಳಲಿಲ್ಲ. ಅವರೆಕಾಯಿ ಬಿಡಿಸುತ್ತ ಕೂತಿರಿ. ಎರಡನೆಯ ಸಲವೂ ಅದೇ. ನನಗೋ ಅಸಹನೆ. ಕೊನೆಗೆ ಆಕೆಯೇ ನಕ್ಕರು. "ಬಂದೋರೆಲ್ಲ ಕೂತ್ಕಳಕ್ ಮುಂಚೆನೇ ಊರು ಮುಳುಗಿದ್ ಹೇಳು ಅಂತಾರೆ. ನೀವೇನ್ ಮೇಷ್ಟ್ರೇ, ನಮ್ಮನೆ ಕೂಲಿಗೆ ಬತ್ತೀರಾ?"

"ಕೂಲಿ ಬೇಡಮ್ಮ, ಸಾರು ಹಾಕಿದ್ರೆ ಸಾಕು," ಎಂದಿರಿ.

ಮೂರನೆಯ ಸಲ ಆಕೆ ಹೇಳಿದರು. ಊರು ಬಿಟ್ಟ ಕಡೆಯ ದಿನದ ಸಂಗತಿ. ಅದೇನೆಂದು ನಿಮಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಆಕೆಯ ಒಪ್ಪಿಗೆ ಕೇಳಿಯೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆವು. ಪುಸ್ತಕ ನಿಂತಿರುವುದೇ ಈ ಅಧ್ಯಾಯದ ಮೇಲೆ ಎಂದು ನೀವು ವಾಪಸಾಗುವಾಗ ಬಸ್ಸಿನಲ್ಲಿ...

ಈ ಸಲ ಬಾಗಿಲಲ್ಲೇ ಅಜ್ಜಿಯ ಸೊಸೆ ಸಿಕ್ಕಿದಳು. "ಬಂದ್ರಾ? ಇನ್ನೂ ಏನ್ ಉಳ್ದೈತೆ ಬರ್ಕಳಕ್ಕೆ?" ಬರೆಯುವುದಕ್ಕಲ್ಲ, ಓದುವುದಕ್ಕೆ ಬಂದೆ ಎಂದೆ. "ನಮ್ ಕಥೆ ನಮಗೇ ಓದ್ತಾರಂತೆ, ಚೆನ್ನಾಗೈತೆ!" ನೀವು ತೀರಿಹೋದ ಸುದ್ದಿ ತಿಳಿಸಿದಾಗ ಅವಳ ದನಿ ಇಳಿಯಿತು. ಒಳಗಿನಿಂದ ಮಣೆ ತಂದುಕೊಟ್ಟಳು.

ಹಿತ್ತಲಿನಲ್ಲಿ ಅಜ್ಜಿಯೊಬ್ಬರಿಗೇ ಓದಿದೆ. ಮುಗಿದ ಮೇಲೂ ಅವರು ಸೆರಗಿನ ಅಂಚನ್ನು ಮಡಿಸುತ್ತಲೇ ಇದ್ದರು.

"ಹೇಳ್ದಾಗ ಹಗುರಾಗಿತ್ತು ಕಣಪ್ಪ. ನೀನ್ ಓದ್ದಾಗ ಯಾರೋ ನನ್ ವಿಷ್ಯ ಆಡ್ಕೊಂಡಂಗಾಯ್ತು. ಬ್ಯಾಡ, ತೆಗ್ದುಬುಡು."

"ಹೆಸರು ಹಾಕಿಲ್ಲ ಅಜ್ಜಿ. ಊರಿನ ಹೆಸರೂ ಇಲ್ಲ."

"ಹಾಕ್ದಿದ್ರೇನು? ಆ ಊರಿಂದ ಬಂದೋರು ಇಲ್ಲಿ ನಾಕಾರು ಮನೆ. ಯಾರ್ದು ಅಂತ ತಿಳಿಯಕ್ಕೆ ಹೆಸ್ರು ಬೇಕಾ? ನನ್ ಮಗನಿಗೇ ನಾನು ಹೇಳಿಲ್ಲ. ಅವ್ನು ಪುಸ್ತಕದಾಗ್ ಓದಿ ತಿಳ್ಕೋಬೇಕಾ?"

ಇದಕ್ಕೆ ಉತ್ತರವಿದೆ ಎನ್ನುವವರಿದ್ದಾರೆ: ಜನಕ್ಕೆ ಗೊತ್ತಾಗಬೇಕು, ಮುಂದೆ ಮುಳುಗುವ ಊರುಗಳಿಗೆ ಇದು ಬೇಕು, ಇತ್ಯಾದಿ. ನಾನೂ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಇದನ್ನೇ ಹೇಳಿದ್ದೇನೆ. ಆಕೆಯ ಮುಂದೆ ಕೂತಾಗ ಅದರಲ್ಲಿ ಒಂದನ್ನೂ ಬಾಯಿ ಬಿಟ್ಟು ಹೇಳಲಾಗಲಿಲ್ಲ. ಹಾಳೆಗಳನ್ನು ಅವರ ಕೈಗೆ ಕೊಟ್ಟೆ.

ಆಮೇಲೆ ಅವರು ಮೊಬೈಲಿನತ್ತ ನೋಡಿದರು. "ಅದರಾಗಿರೋದು?"

ಅದರಲ್ಲಿ ನೀವಿದ್ದಿರಿ, ಮೇಷ್ಟ್ರೇ. ನಿಮ್ಮ ದನಿ ನನ್ನಲ್ಲಿ ಉಳಿದಿದ್ದು ಅಲ್ಲಿ ಮಾತ್ರ. ನಡುನಡುವೆ ನಿಮ್ಮ ಹೂಂ, ಒಂದು ಕಡೆ ಅಯ್ಯೋ, ಮತ್ತೊಂದು ಕಡೆ "ಸಾಕು ಬಿಡಮ್ಮ, ನೀರು ಕುಡಿ." ನೀವು ಹೋದ ಮೇಲೆ ಅದನ್ನು ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದೆ. ಯಾರ ಸಂಕಟದೊಳಗೆ ಕೂತು ಯಾರನ್ನು ಕೇಳಿಸಿಕೊಳ್ಳುತ್ತಿದ್ದೆ? ಮೇಷ್ಟ್ರ ದನಿ ಇದೆ ಅಜ್ಜಿ, ಎಂದೆ, ಅಷ್ಟೇ.

"ಹಂಗಾದ್ರೆ ಅವ್ರುದ್ ಇಟ್ಕೊ. ನಂದ್ ಮಾತ್ರ ತೆಗಿ. ಬತ್ತದಲ್ಲ ನಿಂಗೆ?"

ಬರುತ್ತದೆ. ಕತ್ತರಿಸಿ ಜೋಡಿಸುವುದು ಕಷ್ಟವೇನಲ್ಲ. ಆದರೆ ಆಕೆಯನ್ನು ತೆಗೆದರೆ ನೀವು ಯಾರಿಗೆ ನೀರು ಕುಡಿಯೆಂದು ಹೇಳುತ್ತಿರುತ್ತೀರಿ? ಆ ಅಯ್ಯೋ ಕೇಳಿದವರು, ಯಾಕೆಂದು ಕೇಳದೆ ಇರುತ್ತಾರೆಯೇ? ನಾನೇ ಒಂದು ದಿನ ಯಾರಿಗಾದರೂ ಹೇಳಿಬಿಟ್ಟರೆ... ಆಕೆಯ ಕಣ್ಣೆದುರಿಗೇ ಪೂರ್ತಿ ಅಳಿಸಿದೆ. ಬೇರೆಲ್ಲೂ ಪ್ರತಿ ಇಲ್ಲ ಎಂದೆ. ಅದು ನಿಜ. "ಊಟ ಮಾಡ್ಕೊಂಡ್ ಹೋಗು," ಎಂದು ಎದ್ದರು.

ಪುಸ್ತಕ ಬರುವ ತಿಂಗಳು ಅಚ್ಚಿಗೆ ಹೋಗುತ್ತದೆ, ಆ ಅಧ್ಯಾಯವಿಲ್ಲದೆ. ಸಪ್ಪೆಯಾಯಿತು ಎಂದರು ಪ್ರಕಾಶಕರು, ಇರಲಿ ಎಂದೆ. ಅಲ್ಲೊಂದು ಅಧ್ಯಾಯವಿತ್ತು ಎಂಬ ಸುಳಿವೂ ಮುನ್ನುಡಿಯಲ್ಲಿ ಇರುವುದಿಲ್ಲ.

ಒಂದೇ ಒಂದು ಉಳಿದಿದೆ. ಆ ರೆಕಾರ್ಡಿಂಗಿನಲ್ಲಿ ದನಿ ಇದ್ದದ್ದು ಇಬ್ಬರದು. ಒಬ್ಬರು ಬೇಡವೆಂದರು, ಅಳಿಸಿದೆ. ನಿಮ್ಮ ಒಪ್ಪಿಗೆಯನ್ನು ನಾನು ಯಾರ ಹತ್ತಿರ ಕೇಳಬೇಕಿತ್ತು, ಮೇಷ್ಟ್ರೇ?