ಬೆಳ್ಳಟ್ಟಿ ದಾರಿಯ ಅರ್ಧ ಮಿಲಿಮೀಟರು

ಬೆಟಗೇರಿ
ಗುರುವಾರ, ೧೪ ನವೆಂಬರ್ ೨೦೨೪

ರೋಜಾಳ ತಂದೆಯವರಿಗೆ ಲಕ್ಷ್ಮೀದೇವಿಯ ನಮಸ್ಕಾರಗಳು.

ಇಲ್ಲಿ ಕ್ಷೇಮ. ದೂರವಾಣಿಯಿರುವಾಗ ಕಾಗದವೇಕೆ ಎಂದು ನೀವು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿರಬೇಕು. ದೂರವಾಣಿಯಲ್ಲಿ ನೀವು ‘ಹೂಂ’ ಎನ್ನುವುದರ ಹೊರತು ಮತ್ತೇನನ್ನೂ ಹೇಳುವುದಿಲ್ಲ. ನಾನೂ ಊಟ, ಔಷಧ, ಹವೆ ಇಷ್ಟನ್ನು ವಿಚಾರಿಸಿ ಇಟ್ಟುಬಿಡುತ್ತೇನೆ. ಈಗ ತಿಳಿಸಬೇಕಾದದ್ದರಲ್ಲಿ ಲೆಕ್ಕವಿದೆ. ಲೆಕ್ಕವನ್ನು ಕಿವಿಗೆ ಹೇಳುವುದಕ್ಕಿಂತ ಕಣ್ಣಿಗೆ ತೋರಿಸುವುದು ಮೇಲೆಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವಳು ನಾನು. ವಿಷಯ ನಿಮ್ಮ ಮೋಟಾರು ಸೈಕಲ್ಲಿನದು.

ದೀಪಾವಳಿಗೆ ಮೊದಲು ನಿಮ್ಮ ಅಕ್ಕ ಅಮೃತವ್ವನವರ ವರ್ಷದ ಕಾರ್ಯಕ್ಕೆ ಲಕ್ಷ್ಮೇಶ್ವರಕ್ಕೆ ಬಂದಿದ್ದೆನಲ್ಲ, ಹಿಂತಿರುಗುವಾಗ ನನ್ನನ್ನು ಬಸ್ಸಿಗೆ ಹತ್ತಿಸಲು ನೀವು ನಿಲ್ದಾಣದವರೆಗೆ ಬಂದಿರಿ. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಬಳಿ ನಿಂತು, “ಗಾಡಿ ಹೆಂಗೈತಿ?” ಎಂದು ಕೇಳಿದಿರಿ. ನಾನು “ಇದೆ” ಎಂದೆ. ಅಷ್ಟರಲ್ಲಿ ಬಸ್ಸು ಹೊರಟಿತು. ಆ ಉತ್ತರ ಅಪೂರ್ಣವೆಂಬುದು ಗದಗ ಮುಟ್ಟುವವರೆಗೂ ನನ್ನನ್ನು ಕಾಡಿತು. ಪಾರ್ಶ್ವವಾಯುವಿನಿಂದ ಮಲಗಿದ ಅಕ್ಕನನ್ನು ನೋಡಿಕೊಳ್ಳಲು ಒಂದೆರಡು ತಿಂಗಳಿಗೆಂದು ಹೋದವರು ನೀವು. ಅದು ನಾಲ್ಕು ವರ್ಷವಾಯಿತು. ಅಕ್ಕನವರು ಹೋಗಿಯೂ ವರ್ಷ ಕಳೆಯಿತು. ಆದರೆ ಹೋಗುವಾಗ ಗಾಡಿಯನ್ನು ನಮ್ಮ ಮಗ್ಗದ ಕೋಣೆಯಲ್ಲಿ ಬಿಟ್ಟು ಬಸ್ಸಿನಲ್ಲಿ ಹೋದಿರಿ. ಗಾಡಿಗಾಗಿಯಾದರೂ ಒಂದು ದಿನ ಬರುವಿರೆಂದು ನಾನು ಎಣಿಸಿದ್ದುಂಟು.

ಮುಂಡರಗಿಯಿಂದ ರೋಜಾ ಕರೆ ಮಾಡಿದಾಗ ಇದನ್ನು ಹೇಳಿದೆ. ಮಗಳೆಂಬ ಸಲಿಗೆಯಿಂದ ಅವಳು ಹೇಳಿದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ: “ಅವ್ವಾ, ನೀ ಬರ್ರಿ ಅನ್ನಂಗಿಲ್ಲ, ಅಪ್ಪ ಕರೀದ ಬರಂಗಿಲ್ಲ. ನಡುವ ನಾ ಏನ್ ಟಪಾಲಿನಾಕೀನಾ?” ನಾನು ಮಾತು ಬದಲಿಸಿದೆ.

ಮರುದಿನವೇ ಮಲ್ಲಸಮುದ್ರದ ರಸ್ತೆಯಲ್ಲಿ ಅಂಗಡಿಯಿಟ್ಟಿರುವ ಮುರ್ತುಜಾನಿಗೆ ಹೇಳಿಕಳಿಸಿದೆ. ಬಸ್ಸಿನ ಡಿಪೋದಲ್ಲಿ ನಿಮ್ಮ ಕೈಕೆಳಗೆ ಕೆಲಸ ಕಲಿತವನೆಂಬ ಅಭಿಮಾನ ಅವನಿಗೆ ಇನ್ನೂ ಇದೆ. ತಾಡಪತ್ರಿ ತೆಗೆದು ಕಿಕ್ಕು ಒತ್ತಿದ, ಅದು ಅಲುಗಲಿಲ್ಲ. ಗಾಡಿಯನ್ನು ಅಂಗಡಿಗೆ ತಳ್ಳಿಕೊಂಡು ಹೋಗಿ ಬಿಚ್ಚಿ ನೋಡಿದರೆ, ಉರುಳೆಯೊಳಗೆ, ನೀವು ಸಿಲಿಂಡರು ಎನ್ನುವುದರೊಳಗೆ, ಪಿಸ್ಟನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. (‘ಕೊಂತ’ ಎಂಬ ಒಳ್ಳೆಯ ಕನ್ನಡ ಶಬ್ದವಿದೆ. ಬರೆದರೆ ನೀವು ನಗುವಿರಿ. ಪಿಸ್ಟನ್ನೇ ಇರಲಿ.) ಬಿಡಿಸಿ ತೆಗೆದ ಮೇಲೆ ಉರುಳೆಯ ಒಳಮೈ ಗೀರುಬಿದ್ದು ಸವೆದಿರುವುದು ಕಂಡಿತು. ಅದನ್ನು ಅರ್ಧ ಮಿಲಿಮೀಟರು ಕೊರೆದು ನುಣುಪಾಗಿಸಿ, ಅಷ್ಟೇ ದೊಡ್ಡ ಪಿಸ್ಟನ್ನು ಕೂಡಿಸಬೇಕು. ಹೀಗೆ ಎರಡು ಬಾರಿ ಮಾತ್ರ ಮಾಡಬಹುದಂತೆ. ಮೂರನೆಯ ಬಾರಿಗೆ ಗೋಡೆ ತಡೆಯದು. ನಿಮಗೆ ತಿಳಿದದ್ದನ್ನೇ ಹೇಳುತ್ತಿದ್ದೇನೆ, ನನಗೆ ಹೊಸದು. ಈ ಗಾಡಿಯ ಭಾಗಗಳು ಪೇಟೆಯಲ್ಲಿ ಸಿಗುತ್ತಿಲ್ಲ. ಅವನ ಪೆಟ್ಟಿಗೆಯಲ್ಲಿ ಒಂದೇ ಒಂದು ಪಿಸ್ಟನ್ನು ಉಳಿದಿತ್ತು, ಅದೂ ಕೊನೆಯ ಅಳತೆಯದು. ಹಿಂದೆ ಒಮ್ಮೆ ಮಾತ್ರ ಕೊರೆಸಿದ್ದರೆ ಗಾಡಿ ಬದುಕೀತು. ಎರಡು ಬಾರಿ ಕೊರೆಸಿಯಾಗಿದ್ದರೆ ಗುಜರಿಯೇ ಗತಿ. ಒಳಗಿನ ಸವೆತವನ್ನು ನೋಡಿ ಎರಡು ಬಾರಿ ಆಗಿರಬೇಕೆಂದು ಮುರ್ತುಜಾ ಊಹಿಸಿದ. “ಸಾಹೇಬ್ರಿಗೆ ಒಂದ್ ಫೋನ್ ಹಚ್ಚಿ ಕೇಳ್ತೇನ್ರಿ, ಅಕ್ಕಾರ” ಎಂದ. ಬೇಡವೆಂದೆ. ಏಕೆ ಬೇಡವೆಂದೆನೆಂದು ನೀವೂ ಕೇಳಬೇಡಿ.

ಸಿಸಿ, ಅಂದರೆ ಉರುಳೆಯ ಗಾತ್ರ, ತೆಗೆದರೂ ತಿಳಿಯುತ್ತದೆ ಎಂದು ಅವನೇ ಅಂದದ್ದರಿಂದ, ಲೆಕ್ಕ ಮಾಡುವುದು ನನ್ನ ಪಾಲಿಗಿರಲಿ ಎಂದು ಒಪ್ಪಿಕೊಂಡೆ. ಅವನ ಅಳತೆಯ ಉಪಕರಣವನ್ನು ಯಾರೋ ಶಿರಹಟ್ಟಿಗೆ ಒಯ್ದಿದ್ದರು. ಪಿಸ್ಟನ್ನು ಮೇಲಿನ ಕೊನೆಯಿಂದ ಕೆಳಗಿನ ಕೊನೆಯವರೆಗೆ ಓಡಾಡುವ ದೂರ ಐವತ್ತೆಂಟು ಮಿಲಿಮೀಟರು, ಅದು ಎಷ್ಟು ಸವೆದರೂ ಬದಲಾಗದು ಎಂದು ಹೇಳಿದ. ಉಳಿದದ್ದು ಅಡ್ಡಳತೆ. ಉರುಳೆಯನ್ನು ಕೈಚೀಲದಲ್ಲಿಟ್ಟುಕೊಂಡು ಮನೆಗೆ ಬಂದು, ಮಗ್ಗದ ಕುಣಿಯ ಅಂಚಿನಲ್ಲಿ ಕುಳಿತು, ನನ್ನ ತಂದೆ ಅಳೆಯುತ್ತಿದ್ದ ಹಾಗೆಯೇ ಅಳೆದೆ. ನೆಯ್ದ ಸೀರೆ ಸುತ್ತುವ ದಿಂಡಿಗೆ ಅವರು ರೇಷ್ಮೆಯ ಎಳೆಯನ್ನು ಹತ್ತು ಸುತ್ತು ಸುತ್ತಿ, ಬಿಚ್ಚಿ, ಚಾಚಿ ಅಳೆದು ಹತ್ತರಿಂದ ಭಾಗಿಸುತ್ತಿದ್ದರು. ಒಂದೇ ಸುತ್ತನ್ನು ಅಳೆದರೆ ಬೀಳುವ ತಪ್ಪು ಹತ್ತರಲ್ಲಿ ಕರಗುತ್ತದೆ. ಉರುಳೆಯ ಬುಡದಲ್ಲಿ, ಗಾಳಿಗೆ ತಣಿಯಲೆಂದು ಮೈತುಂಬ ಇರುವ ರೆಕ್ಕೆಗಳಿಲ್ಲದ ನುಣ್ಣನೆಯ ಕೊರಳೊಂದಿದೆ. ಅದಕ್ಕೆ ಎಳೆ ಸುತ್ತಿದೆ. ಎರಡು ಮೀಟರು ಹತ್ತೂವರೆ ಸೆಂಟಿಮೀಟರು ಬಂತು. ಹತ್ತರಿಂದಲೂ ಪೈಯಿಂದಲೂ ಭಾಗಿಸಿದರೆ ಅಡ್ಡಳತೆ ಅರವತ್ತೇಳು ಮಿಲಿಮೀಟರು. ಅದನ್ನು ಅದರಿಂದಲೇ ಗುಣಿಸಿ, ಐವತ್ತೆಂಟರಿಂದ ಗುಣಿಸಿ, ಪೈಯ ಕಾಲುಭಾಗದಿಂದ ಗುಣಿಸಿ, ಸಾವಿರದಿಂದ ಭಾಗಿಸಿದೆ. ಇನ್ನೂರ ನಾಲ್ಕೂವರೆ ಘನ ಸೆಂಟಿಮೀಟರು.

ನೀವು ಬಂದವರೆದುರಿಗೆಲ್ಲ ‘ನೂರಾ ಎಪ್ಪತ್ತೈದು ಸಿಸಿ’ ಎಂದು ಹೇಳುತ್ತಿದ್ದ ಗಾಡಿ ಇನ್ನೂರನ್ನು ದಾಟಿದೆಯೆಂದರೆ, ಅದನ್ನು ಕೊರೆಯಬೇಕಾದಷ್ಟೂ ಕೊರೆದು ಮುಗಿಸಿದ್ದಾರೆಂದೇ ಅರ್ಥವಾಯಿತು. ಮತ್ತೊಮ್ಮೆ ಗುಣಿಸಿದೆ. ಗುಣಾಕಾರ ಸರಿಯಾಗಿಯೇ ಇತ್ತು. ಮುರ್ತುಜಾನ ಊಹೆಯೂ ನನ್ನ ಲೆಕ್ಕವೂ ಒಂದೇ ಮಾತನ್ನು ಹೇಳಿದ ಮೇಲೆ ಸಂಶಯಕ್ಕೆ ಎಡೆಯೆಲ್ಲಿ? ಗುಜರಿ ಅಂಗಡಿಯ ನಿಂಗಪ್ಪನಿಗೆ ಸೋಮವಾರ ಬರಲು ಹೇಳಿದೆ. ಗಾಡಿಯಿಲ್ಲದ ಆ ಕೋಣೆಯಲ್ಲಿ ಅದು ನಿಂತಿದ್ದ ಜಾಗದ ನೆಲ ಮಾತ್ರ ಎಣ್ಣೆ ಕುಡಿದು ಕಪ್ಪಾಗಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಗಾಡಿಯೇ ಇಲ್ಲವಾದ ಮೇಲೆ ನೀವು ಯಾವ ನೆಪದಿಂದ ಈ ಬಾಗಿಲಿಗೆ ಬಂದೀರಿ ಎಂಬುದು ಆ ಎರಡು ದಿನ ನನ್ನ ಮನಸ್ಸನ್ನು ಬಿಡಲಿಲ್ಲ.

ಸೋಮವಾರ ನಿಂಗಪ್ಪ ಕೈಗಾಡಿ, ಹಗ್ಗ ತಂದ. ಅವನನ್ನು ಕರೆದುಕೊಂಡು, ಉರುಳೆಯನ್ನೂ ಹಿಡಿದು ಅಂಗಡಿಗೆ ಹೋದೆ. ಇನ್ನೂರ ನಾಲ್ಕೂವರೆ ಎಂದು ಕೇಳಿದೊಡನೆ ಮುರ್ತುಜಾ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ಅಷ್ಟು ಕೊರೆದಿದ್ದರೆ ಗೋಡೆಯೇ ಉಳಿಯುತ್ತಿರಲಿಲ್ಲ, ಎಲ್ಲಿ ಅಳೆದಿರಿ ತೋರಿಸಿ ಎಂದ. ಕೊರಳನ್ನು ತೋರಿಸಿದೆ.

“ಅಕ್ಕಾರ, ಬಾವಿ ಎಷ್ಟ್ ದೊಡ್ಡದೈತಿ ನೋಡ್ರಿ ಅಂದ್ರ ಕಟ್ಟಿ ಅಳದ ಬಂದೀರಲ್ರಿ. ನೀರಿರೂದು ಒಳಗ್ರಿ.”

ಅವನ ಮಾತು ಸರಿ. ದಿಂಡಿನ ಹೊಟ್ಟೆ ಟೊಳ್ಳೋ ಗಟ್ಟಿಯೋ ಎಂದು ನೇಕಾರರ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅದರ ಮೈಮೇಲೆ ಎಷ್ಟು ಬಟ್ಟೆ ಕೂತೀತು ಎಂಬುದೊಂದೇ ಬೇಕು. ಹೊರಗನ್ನು ಅಳೆಯುವುದು ನಮ್ಮ ಕೈಗೆ ಹತ್ತಿದ ಅಭ್ಯಾಸ. ಯಂತ್ರಕ್ಕೆ ಬೇಕಾದದ್ದು ಒಳಗಿನ ಟೊಳ್ಳು. ಅಲ್ಲಿಯೇ ಅವನ ಸ್ಟೂಲಿನ ಮೇಲೆ ಕುಳಿತು ಅದೇ ಎಳೆಯನ್ನು ಬಿಚ್ಚಿ ತೆಗೆದಿದ್ದ ಹಳೆಯ ಪಿಸ್ಟನ್ನಿಗೆ ಸುತ್ತಿದೆ. ಅಡ್ಡಳತೆ ಅರವತ್ತೆರಡಕ್ಕೆ ಕೂದಲೆಳೆಯಷ್ಟು ಕಡಿಮೆ ಬಂತು. ಅಷ್ಟರೊಳಗೆ ಶಿರಹಟ್ಟಿಯಿಂದ ಮರಳಿದ್ದ ಉಪಕರಣವನ್ನು ಅವನು ಉರುಳೆಯೊಳಗಿಟ್ಟು ನೋಡಿದ: ಸವೆಯದ ಅಂಚಿನಲ್ಲಿ ಸರಿಯಾಗಿ ಅರವತ್ತೆರಡು. ಹೊಸತಿದ್ದಾಗ ಅದು ಅರವತ್ತೊಂದೂವರೆ. ಒಮ್ಮೆ ಮಾತ್ರ ಕೊರೆಸಿದ್ದೀರಿ. ಅವನ ಊಹೆಯೂ ತಪ್ಪು, ನನ್ನ ಲೆಕ್ಕವೂ ತಪ್ಪು; ಇಬ್ಬರೂ ಸಮಾನರಾದದ್ದರಿಂದ ಅವನು ಚಹಾ ತರಿಸಿದ. ನಿಂಗಪ್ಪನಿಗೂ ಕೊಟ್ಟ. “ಟೀಚರ್ ಬಾಯಾರ, ಒಂದ್ ಕಬ್ಬಣದ ತುಂಡಿಗೆ ಇಷ್ಟ್ ಗಣಿತಾ?” ಎಂದು ಗೊಣಗುತ್ತ ಆತ ಬರಿಯ ಕೈಗಾಡಿ ತಳ್ಳಿಕೊಂಡು ಹೋದ.

ಮನೆಗೆ ಬಂದು ಮತ್ತೆ ಗುಣಿಸಿದೆ. ಹೊಸತಿದ್ದಾಗ ನಿಮ್ಮ ಗಾಡಿ ನೂರಾ ಎಪ್ಪತ್ತೆರಡು ಮತ್ತು ಹತ್ತರಲ್ಲಿ ಮೂರು. ನೂರಾ ಎಪ್ಪತ್ತೈದೆಂಬುದು ಬರಿಯ ಹೆಸರು. ಮದುವೆಯ ಹೊಸದರಲ್ಲಿ ನೀವು ಅಷ್ಟು ಗರ್ವದಿಂದ ಹೇಳುತ್ತಿದ್ದಾಗ ಅದು ನಿಜವಾಗಿರಲಿಲ್ಲ. ಸವೆದು, ಕೊರೆಸಿಕೊಂಡು, ಅರ್ಧ ಮಿಲಿಮೀಟರು ಅಗಲವಾದ ಮೇಲೆ ನೂರಾ ಎಪ್ಪತ್ತೈದು ಮತ್ತು ಹತ್ತರಲ್ಲಿ ಒಂದು. ಆಗ ಅದು ತನ್ನ ಹೆಸರಿಗೆ ಸರಿಯಾಯಿತು.

ಆ ಸವೆತ ಯಾವ ದಾರಿಯದೆಂದೂ ನೆನಪಾಯಿತು. ನಾನು ಬೆಳ್ಳಟ್ಟಿಯ ಶಾಲೆಯಲ್ಲಿದ್ದಾಗ ಶನಿವಾರದ ಮುಂಜಾನೆ ಶಾಲೆಗೆ ಬಸ್ಸು ಹೊಂದುತ್ತಿರಲಿಲ್ಲ. ಪ್ರತಿ ಶನಿವಾರ ನೀವು ನನ್ನನ್ನು ಅಲ್ಲಿಗೆ ಮುಟ್ಟಿಸಿ, ತಿರುಗಿ ಡಿಪೋಗೆ ಹೋಗುತ್ತಿದ್ದಿರಿ. ಹೊಲದ ಮಣ್ಣಿನ ಧೂಳಿಗೆ ನಾನು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದೆ, ಯಂತ್ರಕ್ಕೆ ಸೆರಗಿರಲಿಲ್ಲ. ನನಗೆ ವರ್ಗವಾದ ವರ್ಷವೇ ನೀವು ಅದನ್ನು ಕೊರೆಸಿದಿರಿ. ಏನಾಗಿತ್ತೆಂದು ಕೇಳಿದ್ದಕ್ಕೆ “ಏನಿಲ್ಲ, ಸವದಿತ್ತು” ಎಂದಿದ್ದಿರಿ.

ಈಗ ಎರಡನೆಯ ಬಾರಿಯೂ ಕೊರೆಸಿಯಾಯಿತು. ಅರವತ್ತೆರಡೂವರೆ ಮಿಲಿಮೀಟರು, ನೂರಾ ಎಪ್ಪತ್ತೇಳು ಮತ್ತು ಹತ್ತರಲ್ಲಿ ಒಂಬತ್ತು. ಇನ್ನು ಮುಂದೆ ಕೊರೆಯಲು ಸ್ಥಳವಿಲ್ಲ. ಇದೇ ಕೊನೆಯದು. ಹೊಸ ಪಿಸ್ಟನ್ನು ಹೊಂದಿಕೊಳ್ಳುವವರೆಗೆ ಗಾಡಿಯನ್ನು ಅವಸರವಿಲ್ಲದೆ, ಒಬ್ಬರ ಕೈಯಲ್ಲೇ, ಮೆಲ್ಲಗೆ ನಡೆಸಿ ಪಳಗಿಸಬೇಕಂತೆ. ಮುರ್ತುಜಾ ತಾನೇ ಓಡಿಸುತ್ತೇನೆಂದ. ಅವನು ಅವಸರದವನೆಂದು ಹೇಳಿ ಬೀಗದ ಕೈ ಇಸಿದುಕೊಂಡು ಬಂದೆ.

ಇನ್ನೊಂದು ವಿಷಯವನ್ನು ಬರೆಯದೆ ಬಿಟ್ಟರೆ ಈ ಕಾಗದವೂ ನಿಲ್ದಾಣದ ಆ ಉತ್ತರದಂತೆ ಅಪೂರ್ಣವಾದೀತು. ಅಮೃತವ್ವನವರು ಕೊನೆಯ ಸಲ ನಾನು ಬಂದಾಗ, ನೀವು ನೀರು ತರಲು ಹೋದ ಹೊತ್ತಿನಲ್ಲಿ, ತೊದಲುತ್ತ ನನ್ನ ಕೈ ಹಿಡಿದು ಹೇಳಿದ್ದರು: “ಅವನ್ನ ನೀನ ಕರಕೊಂಡ ಹೋಗವಾ. ಅಂವ ಅಳ್ಯಾ ಆಗಿ ಬಂದಾಂವ, ತಾನಾಗಿ ಬರಂಗಿಲ್ಲ.” ನಾನು ಹೂಂ ಎಂದಿದ್ದೆ. ಮನೆ ನನ್ನ ತಂದೆಯದು ನಿಜ. ಆದರೆ ಯಜಮಾನನನ್ನು ಬನ್ನಿರೆಂದು ಕರೆದರೆ ಅತಿಥಿಯನ್ನಾಗಿ ಮಾಡಿದಂತಾಗುತ್ತದೆ, ತನ್ನ ಮನೆಗೆ ಬರಲು ಯಾರಿಗೂ ಕರೆ ಬೇಕಿಲ್ಲ ಎಂದುಕೊಂಡೇ ಒಂದು ವರ್ಷ ಕಳೆದೆ. ನೀವು ಕರೆಗಾಗಿ ಕಾದಿರಿ. ನಾನು ಕರೆಯದೆ ಬರುವುದನ್ನೇ ಕಾದೆ. ಈ ಎಣಿಕೆಯಲ್ಲಿಯೂ ನಾನು ಕಟ್ಟೆಯನ್ನೇ ಅಳೆದೆನೋ ಏನೋ.

ಗಾಡಿ ಮಗ್ಗದ ಕೋಣೆಯಲ್ಲಿ ತನ್ನ ಜಾಗದಲ್ಲೇ ನಿಂತಿದೆ. ಬೀಗದ ಕೈ ನಿಮ್ಮ ಮೊಳೆಗೆ ತೂಗುಹಾಕಿದ್ದೇನೆ. ಬನ್ನಿ.

ಇತಿ,
ಲಕ್ಷ್ಮೀದೇವಿ

ಮರೆತ ಮಾತು: ಹಿಂದೆ ಕೂರುವವರು ಕಾಲಿಡುವ ಕಡ್ಡಿ ಮುರಿದು ಬಹಳ ವರ್ಷಗಳಾಗಿದ್ದವಲ್ಲ, ಅದನ್ನೂ ಹೊಸದು ಹಾಕಿಸಿದ್ದೇನೆ. ಒಬ್ಬರೇ ಓಡಿಸುವ ಗಾಡಿಗೆ ಅದೇಕೆಂದು ಮುರ್ತುಜಾ ಕೇಳಿದ. ಬೆಳ್ಳಟ್ಟಿಯ ದಾರಿ ಈಗ ಡಾಂಬರಾಗಿದೆಯಂತೆ ಎಂದೆ.