ಕೆಂಪು ಬಾಳೆಯ ಹರಕೆ

ಅವ್ವಾ,

ಕಮಲಾಪುರದ ಮನೆಯ ಪಡಸಾಲೆಯಲ್ಲಿ ಕುಳಿತು ನೀನು ಮಲ್ಲುವಿನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದುದು ನೆನಪಾಗುತ್ತದೆ. ನಾಲ್ಕು ವರ್ಷದ ಮೊಮ್ಮಗನ ಮೀನಖಂಡ ನೋಡಿ ನಿನಗೆ ಎಷ್ಟು ಹಿಗ್ಗು. "ಖಂಡ ಹ್ಯಾಂಗ ತುಂಬ್ಯಾವ ನೋಡ, ಪೈಲ್ವಾನ ಆಗ್ತಾನ ಇಂವ" ಎಂದು ಓಣಿಗೆಲ್ಲ ತೋರಿಸಿ, ಮೇಲೆ ಊರಿನ ಕೆಂಪು ಬಾಳೆಹಣ್ಣು ತಿನ್ನಿಸುತ್ತಿದ್ದೆ. ಅವನು ನೆಲದಿಂದ ಏಳುವಾಗ ಮೊಣಕಾಲಿಗೆ ಕೈಯೂರಿ, ತನ್ನ ಮೈಯನ್ನೇ ಹತ್ತಿಕೊಂಡು ಏಳುತ್ತಿದ್ದ. "ಏನೋ ಮುದುಕಪ್ಪಾ" ಎಂದು ನಾವಿಬ್ಬರೂ ನಗುತ್ತಿದ್ದೆವು.

ಕಲಬುರಗಿಯ ಡಾಕ್ಟರು ಅದೇ ಮೀನಖಂಡ ಒತ್ತಿ ನೋಡಿ ಹೇಳಿದರು, "ಇದು ಶಕ್ತಿ ಅಲ್ಲರೀ. ಸ್ನಾಯು ಸವದು, ಆ ಜಾಗಾದಾಗ ಕೊಬ್ಬು ತುಂಬಾಕತ್ತದ. ಮೊದಲ ಕಾಲು, ಆಮ್ಯಾಲ ಕೈ, ಆಮ್ಯಾಲ..." ಈ ರೋಗ ಹೆಚ್ಚಾಗಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದಂತೆ. ನನ್ನ ರಕ್ತದಲ್ಲೂ ಅದು ಇತ್ತು. ನಿನ್ನಿಂದ ನನಗೆ ಬಂದಿತ್ತೇ? ಕೇಳುವ ಧೈರ್ಯವಾಗಲಿಲ್ಲ. ಕೇಳಿ ಮಾಡುವುದಾದರೂ ಏನಿತ್ತು?

ನೀನು ಮಾತ್ರ ಯಾರಿಗೂ ಹೇಳದೆ ಶರಣಬಸವೇಶ್ವರ ಗುಡಿಗೆ ಹೋಗಿ ಹರಕೆ ಹೊತ್ತು ಬಂದೆ. "ಮಲ್ಲು ಮೊದಲಿನಂಗ ಓಡ್ಯಾಡಲಿ, ಅವನ ತೂಕದಷ್ಟು ಕೆಂಪ ಬಾಳಿಹಣ್ಣು ತೂಗತೀನಿ ಅಂತ ಬೇಡ್ಕೊಂಡೀನಿ" ಎಂದು ಬಂದ ಮೇಲೆ ನನಗೆ ಹೇಳಿದೆ. ಆಮೇಲೆ ನೀನೇ ಹೋಗಿಬಿಟ್ಟೆ, ಹರಕೆ ನನ್ನ ತಲೆಗೆ ಬಂತು. ಮಲ್ಲು ಗಾಲಿಕುರ್ಚಿ ಹಿಡಿದಾಗ ಅಣ್ಣನ ಹೆಂಡತಿ ಅಂದಳು, "ಸತ್ತವರ ಹರಕಿ ಇಟ್ಕೊಂಡು ಕುಂತ್ರ ಹಿಂಗೇ ಆಗ್ತದ." ನಡೆದರೆ ತಾನೇ ಅವ್ವಾ, ತೂಗುವುದು?

ಈಗ ಕಲಬುರಗಿಯ ಖೂಬಾ ಪ್ಲಾಟಿನ ಮನೆಯಲ್ಲಿ, ಆಳೆತ್ತರ ಬೆಳೆದ ಅವನನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತುವುದರಲ್ಲೇ ನನ್ನ ದಿನ ಮುಗಿಯುತ್ತದೆ. ಇವರು ಡ್ಯೂಟಿಯಿಂದ ಬರುವಷ್ಟರಲ್ಲಿ ನನ್ನ ಸೊಂಟ ಬಿದ್ದಿರುತ್ತದೆ. ದಣಿದಿದ್ದೇನೆ ಅವ್ವಾ. ನಿನ್ನನ್ನು ಬಿಟ್ಟು ಇದನ್ನು ಯಾರಿಗೆ ಹೇಳಲಿ.

ಮೊನ್ನೆ ಬಾಳೆಹಣ್ಣು ಸುಲಿದು ಬಾಯಿಗಿಡುವಾಗ ಮಲ್ಲು ಕೇಳಿದ, "ಆಯಿ ಹರಕಿ ಇನ್ನೂ ಹಂಗೇ ಅದಲ್ಲ? ನಾ ನಡಿಯೋದಿಲ್ಲ ಅಂತ ನಂಗ ಗೊತ್ತದ. ತೂಗಿಸಿಬಿಡವ್ವ, ಮಾಮಿ ಬಾಯಾದ್ರೂ ಮುಚ್ಚತದ."

"ಮತ್ತ ಏನಂತ ಬೇಡ್ಕೊಳ್ಳೋದು?"

"ನಿನ್ನ ಟೊಂಕ ಗಟ್ಟಿ ಇರಲಿ ಅಂತ."

ನಿನ್ನ ಹರಕೆಯನ್ನು ನಾನು ಮುರಿಯುತ್ತಿಲ್ಲ, ನಿನ್ನ ಮೊಮ್ಮಗ ಬದಲಿಸಿದ್ದಾನೆ. ಬರುವ ಸೋಮವಾರ ತೂಗಿಸುತ್ತೇವೆ, ಹಣ್ಣು ಕಮಲಾಪುರದ್ದೇ. ಅವನ ತೂಕ ತಕ್ಕಡಿಯಿಂದ ತಿಳಿಯಬೇಕಾಗಿಲ್ಲ ನನಗೆ. ಆದರೂ ಆ ಒಂದು ಗಳಿಗೆ ಅವನ ಭಾರವನ್ನು ನಿನ್ನ ಹಣ್ಣುಗಳು ಹೊರಲಿ. ನಾನು ಪಕ್ಕದಲ್ಲಿ ಬರಿಗೈಯಲ್ಲಿ ನಿಂತಿರುತ್ತೇನೆ.

ನಿನ್ನ ಮಗಳು,
ಶಾಂತಾ